ಅಣ್ಣನಿಗಿಂತ ಮೊದಲು ಬೋಳಿಸಿಕೊಂಡ ತಲೆ

ದೊಡ್ಡಬಳ್ಳಾಪುರದ ಬಸ್ ಸ್ಟಾಂಡಿನ ಹಿಂದೆ, ಮಗ್ಗದ ಮನೆಗಳ ಬೀದಿ ಶುರುವಾಗುವ ಮೂಲೆಯಲ್ಲಿ ಆವಲಪ್ಪನ ಫೋಟೋ ಸ್ಟುಡಿಯೋ ಇತ್ತು. ಸ್ಟುಡಿಯೋ ಅಂದರೆ ಏನು ಮಹಾ, ಮುಂದೆ ಒಂದು ಕೋಣೆ, ಹಿಂದೆ ಒಂದು ಕತ್ತಲೆ ಕೋಣೆ. ಮುಂದಿನ ಕೋಣೆಯ ಗೋಡೆಗೆ ಒಂದು ಕನ್ನಡಿ, ಕನ್ನಡಿಯ ಮೊಳೆಗೆ ದಾರದಲ್ಲಿ ಕಟ್ಟಿ ಇಳಿಬಿಟ್ಟ ಬಾಚಣಿಗೆ, ಕೆಳಗೆ ಸ್ಟೂಲಿನ ಮೇಲೆ ಪೌಡರ್ ಡಬ್ಬಿ. ಬಾಚಣಿಗೆಯನ್ನು ಕಟ್ಟಿಹಾಕಿದ್ದು ಯಾಕೆಂದರೆ, ಫೋಟೋ ತೆಗೆಸಲು ಬಂದ ಗಂಡಸರು ತಲೆ ಬಾಚಿ ಬಾಚಿ ಕೊನೆಗೆ ಅದನ್ನೂ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಅರ್ಧ ತಾಲ್ಲೂಕು ಆ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡಿದೆ. ಅದರ ಯಜಮಾನ ಮಾತ್ರ ಒಂದು ದಿನವೂ ಅದನ್ನು ಮುಟ್ಟಿದವನಲ್ಲ.

ಆವಲಪ್ಪ ಹುಟ್ಟಿದ್ದು ಸಾಸಲು ಕಡೆಯ ಒಂದು ಹಳ್ಳಿಯಲ್ಲಿ, ಹೊಲ ತೋಟ ಇದ್ದ ಅಪ್ಪಯ್ಯಣ್ಣನ ಎರಡನೆಯ ಮಗನಾಗಿ. ಮೊದಲನೆಯವನು ವೆಂಕಟರಮಣಪ್ಪ. ಬೇಸಾಯ ಅವನ ಪಾಲಿಗೆ ಬಂತು. ಆವಲಪ್ಪ ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿಯಲು ಹೋದ. ಕಸುಬು ಕೈಗೆ ಹತ್ತುವ ಹೊತ್ತಿಗೆ ನೆತ್ತಿಯ ಕೂದಲು ಕೈಬಿಟ್ಟಿತ್ತು. ಫೋಟೋ ತೊಳೆಯುವ ನೀರಿನ ವಾಸನೆಗೆ ಹೀಗಾಯಿತು ಅಂದಳು ತಾಯಿ ದ್ಯಾವಮ್ಮ. ಬೆಂಗಳೂರಿನ ನಲ್ಲಿ ನೀರಿಗೆ ಅಂದ ಅಣ್ಣ. ಅಪ್ಪಯ್ಯಣ್ಣ ರುಮಾಲು ಬಿಗಿ ಮಾಡಿಕೊಂಡ. ಅವನ ತಲೆಯೂ ಹಾಗೇ ಇತ್ತು, ಆದರೆ ಮೇಲೆ ಯಾವಾಗಲೂ ರುಮಾಲು ಇರುತ್ತಿತ್ತು. ರುಮಾಲಿನ ಕೆಳಗೆ ಏನಿದೆ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಅಪ್ಪನ ಕಾಲದಲ್ಲಿ ಹುಟ್ಟಿದ್ದರೆ ಆವಲಪ್ಪನ ಬದುಕಿನಲ್ಲಿ ಹೇಳುವಂಥದ್ದು ಏನೂ ಇರುತ್ತಿರಲಿಲ್ಲ. ಅವನ ಕಾಲಕ್ಕೆ ರುಮಾಲು ಹೋಗಿ ಕ್ರಾಪು ಬಂದಿತ್ತು.

ಮೊದಲ ಹೆಣ್ಣು ನೋಡಲು ಹೋದದ್ದು ಹೊಸಕೋಟೆ ಕಡೆಗೆ. ಆವಲಪ್ಪನ ಪಕ್ಕದಲ್ಲಿ ಅಣ್ಣ ಕೂತಿದ್ದ. ವೆಂಕಟರಮಣಪ್ಪನ ತಲೆಕೂದಲು ಒಳ್ಳೇ ಮಳೆ ಕಂಡ ರಾಗಿ ಪೈರಿನ ಹಾಗೆ ಒತ್ತಾಗಿ ನಿಂತಿತ್ತು. ಹುಡುಗಿ ಎಲೆ ಅಡಿಕೆ ತಟ್ಟೆ ತಂದಿಟ್ಟು, ನಾಚಿಕೊಂಡು, ಅಣ್ಣನ ಕಡೆ ಕಣ್ಣೆತ್ತಿದಳು. ಅವಳ ಅಜ್ಜಿ ಆವಲಪ್ಪನನ್ನು, "ನಿಮ್ಮ ತಮ್ಮಂಗೆ ಏನು ಕೆಲ್ಸ?" ಎಂದು ಕೇಳಿದಳು. ಅಣ್ಣನಿಗೆ ಆಗಲೇ ಮದುವೆಯಾಗಿ ಮಕ್ಕಳಿದ್ದವು. ಪಡಸಾಲೆಯಲ್ಲಿ ಕೂತಿದ್ದವರೆಲ್ಲ ನಕ್ಕರು, ವೆಂಕಟರಮಣಪ್ಪನೂ ನಕ್ಕ. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಮಿಕ್ಕವರೆಲ್ಲ ನಕ್ಕದ್ದನ್ನು ಮರೆತ ಆವಲಪ್ಪ ಅಣ್ಣ ನಕ್ಕದ್ದನ್ನು ಮಾತ್ರ ಮರೆಯಲಿಲ್ಲ.

ಅದೇ ಬೇಸಿಗೆಯಲ್ಲಿ ನೆಲಮಂಗಲದ ಹತ್ತಿರದ ಹಳ್ಳಿಯ ರೈತರು ಪೌರಾಣಿಕ ನಾಟಕ ಆಡಿದರು. ಪಾತ್ರಧಾರಿಗಳ ಫೋಟೋ ತೆಗೆಯಲು ಆವಲಪ್ಪ ಹೋಗಿದ್ದ. ಬೆಂಗಳೂರಿನಿಂದ ಡ್ರೆಸ್ಸು ಕಿರೀಟ ತಂದಿದ್ದ ಮೇಷ್ಟ್ರು, ರಾಜನ ಪಾತ್ರದವನ ಬೋಳುತಲೆಗೆ ಟೋಪನ್ ಕೂರಿಸುತ್ತಿದ್ದರು. ನಾಟಕದವರು ಕಟ್ಟು ಕೂದಲಿಗೆ ಟೋಪನ್ ಅನ್ನುತ್ತಾರೆ. ಅಷ್ಟು ಹೊತ್ತು ಬೀಡಿ ಸೇದುತ್ತಾ ಯಾರ ಲೆಕ್ಕಕ್ಕೂ ಇಲ್ಲದೆ ಕೂತಿದ್ದ ಆಸಾಮಿ ಹತ್ತು ವರ್ಷ ಚಿಕ್ಕವನಾಗಿ ಎದ್ದು ನಿಂತ. ಕ್ಯಾಮೆರಾ ಹಿಡಿದಿದ್ದ ಆವಲಪ್ಪ ಕಣ್ಣು ಬಿಟ್ಟುಕೊಂಡು ನೋಡಿದ. ಆಮೇಲೆ ಮೇಷ್ಟ್ರನ್ನು ಪಕ್ಕಕ್ಕೆ ಕರೆದ.

"ನಾಟಕಕ್ಕಲ್ಲ ಮೇಷ್ಟ್ರೇ, ದಿನಾ ಹಾಕ್ಕೊಳ್ಳೋಕೆ," ಅಂದ.

ಮೇಷ್ಟ್ರು ನಗಲಿಲ್ಲ. ದಾರ ತೆಗೆದು ಅವನ ತಲೆ ಅಳೆದುಕೊಂಡರು. "ನಾಟಕದ್ದಾದ್ರೆ ಜನ ದೂರದಿಂದ ನೋಡ್ತಾರೆ. ಇದನ್ನ ಹತ್ರದಿಂದ ನೋಡ್ತಾರೆ. ಒಂದೊಂದೇ ಕೂದಲು ಬಲೆಗೆ ಕಟ್ಬೇಕು. ಟೈಮ್ ಹಿಡೀತದೆ."

ಆವಲಪ್ಪ ಸ್ಟುಡಿಯೋಕ್ಕೆ ಬೀಗ ಹಾಕಿ, ಮೈಸೂರು ಕಡೆ ಯಾರೋ ನಾಟಿ ವೈದ್ಯರ ಹತ್ತಿರ ಔಷಧಿಗೆ ಹೋಗುತ್ತಿದ್ದೇನೆ ಎಂದು ಹೇಳಿ ಬೆಂಗಳೂರಿನಲ್ಲಿ ಗೆಳೆಯನ ರೂಮಿನಲ್ಲಿ ಉಳಿದುಕೊಂಡ. ಕೆಲವು ತಿಂಗಳ ಮೇಲೆ ಕಪ್ಪು ಕ್ರಾಪಿನೊಂದಿಗೆ ಊರಿಗೆ ಬಂದ. ನಂಬದವರು ಯಾರೂ ಇರಲಿಲ್ಲ. ಕೂದಲು ಬಂದದ್ದು ಕಣ್ಣಿಗೆ ಕಾಣುವಾಗ ನಂಬದೆ ಏನು ಮಾಡುತ್ತಾರೆ? ಆದರೆ ಸುತ್ತಲಿನ ಬೋಳುತಲೆಯವರೆಲ್ಲ ವೈದ್ಯರ ವಿಳಾಸ ಕೇಳಿಕೊಂಡು ಸ್ಟುಡಿಯೋದ ಮೆಟ್ಟಿಲು ಹತ್ತತೊಡಗಿದರು. ಇದು ಆವಲಪ್ಪನ ಲೆಕ್ಕದಲ್ಲಿ ಇರಲಿಲ್ಲ. ತಡಕಾಡಿ ತಡಕಾಡಿ ಕೊನೆಗೆ, "ಅವರು ತೀರಿಕೊಂಡ್ರಂತೆ," ಅಂದುಬಿಟ್ಟ. ಹುಟ್ಟದೇ ಇದ್ದ ಮನುಷ್ಯನನ್ನು ಹೀಗೆ ಅವನು ಕೊಂದುಹಾಕಿದ.

ದ್ಯಾವಮ್ಮ ವೈದ್ಯರನ್ನೂ ನಂಬಲಿಲ್ಲ, ಔಷಧಿಯನ್ನೂ ನಂಬಲಿಲ್ಲ. ಮಗನ ತಲೆಗಾಗಿ ಅವಳು ಮನೆದೇವರು ತಿಮ್ಮಪ್ಪನಿಗೆ ಹರಸಿಕೊಂಡಿದ್ದಳು. ಮಗ ಬಂದ ವಾರವೇ ಹರಕೆ ತೀರಿಸಿ, ಮನೆ ಮನೆಗೆ ಪ್ರಸಾದ ಹಂಚಿ, "ನನ್ ದೇವ್ರು ಕೊಟ್ಟದ್ದು" ಎಂದು ಹೇಳಿಕೊಂಡು ಬಂದಳು. ಆವಲಪ್ಪ ತಲೆ ತಗ್ಗಿಸಿ ಆ ಪ್ರಸಾದ ತಿಂದ. ಅವತ್ತು ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ.

ಮದುವೆ ದೇವನಹಳ್ಳಿ ಕಡೆಯ ಅನುಸೂಯಮ್ಮನ ಜೊತೆ ಆಯಿತು. ಪೇಟ, ಬಾಸಿಂಗ ಎರಡೂ ತಲೆ ಕಾದವು. ಹೆಂಡತಿಯ ಹತ್ತಿರ ಮುಚ್ಚಿಡಲು ಆಗುತ್ತದೆಯೇ? ಕೆಲವು ದಿನ ತಲೆಗೆ ಟವೆಲ್ ಸುತ್ತಿಕೊಂಡು ಮಲಗಿದ, ಶೀತ ಅಂದ. ಅನುಸೂಯಮ್ಮ ಒಂದು ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟು, "ಮಲಗುವಾಗ ತೆಗೆದಿಟ್ಟು ಮಲಗಿ, ಸೆಕೆ ಆಗಲ್ವಾ?" ಅಂದಳು. ಲೋಟ ಎತ್ತಿಕೊಳ್ಳಲು ಹೋದವನು ಅರ್ಧ ಕಾಫಿ ನೆಲಕ್ಕೆ ಚೆಲ್ಲಿದ. ಅವಳು ನೆಲ ಒರೆಸುತ್ತಾ, "ನಾನೂ ಜಡೆಗೆ ಚೌರಿ ಹಾಕ್ಕೊಳ್ತೀನಿ. ಎಲ್ಲಾರೂ ನೋಡ್ತಾರೆ, ಯಾರೂ ಕೇಳಲ್ಲ," ಅಂದಳು. ಹೆಂಗಸರಿಗೆ ಅದು ಸರಿ, ಗಂಡಸರಿಗೆ ಹಾಗಲ್ಲ ಎಂದ ಆವಲಪ್ಪ. ಯಾಕೆ ಹಾಗಲ್ಲ ಎಂದು ಅವಳು ಕೇಳಿದ್ದಕ್ಕೆ ಟವೆಲ್ ಬಿಗಿ ಮಾಡಿಕೊಂಡು ಸ್ನಾನಕ್ಕೆ ಎದ್ದು ಹೋದ. ಅಲ್ಲಿಂದಾಚೆಗೆ ಸೀಗೆಪುಡಿಯಲ್ಲಿ ಗಂಡನ ಟೋಪನ್ ತೊಳೆದು, ಅಡುಗೆಮನೆಯಲ್ಲಿ ಬೋರಲು ಹಾಕಿದ ತಪ್ಪಲೆಯ ಮೇಲೆ ಒಣಗಿಸುವ ಕೆಲಸ ಅವಳದಾಯಿತು. ಯಾರಾದರೂ ಬಾಗಿಲು ಬಡಿದರೆ ತಪ್ಪಲೆಯ ಮೇಲೆ ಮೊರ ಮುಚ್ಚುತ್ತಿದ್ದಳು.

ಹೊರಗಿನವರ ವಿಷಯದಲ್ಲಿ ಅವನಿಗೆ ನೆಮ್ಮದಿಯೇ ಇರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುತ್ತಿರಲಿಲ್ಲ. ಹಳ್ಳಿ ಮನೆಗಳ ಗಿಡ್ಡ ಬಾಗಿಲುಗಳಲ್ಲಿ ಎಲ್ಲರೂ ತಲೆ ಬಗ್ಗಿಸಿದರೆ ಅವನು ಮಂಡಿಯನ್ನೇ ಬಗ್ಗಿಸುತ್ತಿದ್ದ. ಮದುವೆಮನೆಗಳಲ್ಲಿ ಜನ ಎರಚಿದ ಅಕ್ಷತೆ ಬಲೆಯೊಳಗೆ ಸಿಕ್ಕಿಕೊಂಡು ದಿನವೆಲ್ಲ ಚುಚ್ಚುತ್ತಿತ್ತು. ದೇವಸ್ಥಾನದಲ್ಲಿ ಪೂಜಾರಿ ತಲೆಯ ಮೇಲೆ ಶಠಾರಿ ಇಡುವಾಗ ಭಕ್ತರು ಕಣ್ಣು ಮುಚ್ಚುತ್ತಾರೆ. ಆವಲಪ್ಪ ಕಣ್ಣು ಬಿಟ್ಟುಕೊಂಡು ಪೂಜಾರಿಯ ಕಣ್ಣನ್ನೇ ನೋಡುತ್ತಿದ್ದ. ಎಲ್ಲಕ್ಕಿಂತ ಕಷ್ಟದ್ದು ಅವನ ಕಸುಬೇ. ಮರದ ದೊಡ್ಡ ಕ್ಯಾಮೆರಾದ ಹಿಂದೆ ಕರಿ ಬಟ್ಟೆ ಹೊದ್ದುಕೊಂಡು ಒಳಗೆ ಇಣುಕಬೇಕು. ಪ್ರತಿ ಸಲ ಈಚೆಗೆ ಬರುವಾಗಲೂ ಬಟ್ಟೆ ಎಳೆಯುತ್ತಿತ್ತು. ಅದಕ್ಕೇ ಅವನು ಕ್ಯಾಮೆರಾದ ಹಿಂಬದಿಗೆ ಒಂದು ಪುಟ್ಟ ಕನ್ನಡಿ ಅಂಟಿಸಿಕೊಂಡಿದ್ದ. ಒಳಗೇ ತಲೆ ತಡವಿಕೊಂಡು, ಕನ್ನಡಿ ನೋಡಿಕೊಂಡು ಈಚೆಗೆ ಬರುವಷ್ಟರಲ್ಲಿ ಮುಂದೆ ಕೂತವರ ನಗು ಒಣಗಿ ಹೋಗಿರುತ್ತಿತ್ತು. ಆ ಕಾಲದಲ್ಲಿ ದೊಡ್ಡಬಳ್ಳಾಪುರದಲ್ಲಿ ತೆಗೆದ ಮದುವೆ ಫೋಟೋಗಳಲ್ಲಿ ಗಂಡು ಹೆಣ್ಣು ಇಬ್ಬರೂ ಬಿಗಿದ ಮುಖ ಹಾಕಿಕೊಂಡಿದ್ದರೆ ಅದರಲ್ಲಿ ಅವರ ತಪ್ಪಿಲ್ಲ.

ಎಪ್ಪತ್ತೊಂದನೇ ಇಸವಿಯಲ್ಲಿ, ರಾಗಿ ಕಣ ಮುಗಿದ ಮೇಲೆ, ಅಪ್ಪಯ್ಯಣ್ಣ ತೀರಿಕೊಂಡ. ಹೊಲದ ಬದುವಿನ ಹೊಂಗೆಮರದ ಹತ್ತಿರ ಮಣ್ಣು ಮಾಡಿದರು. ಆವಲಪ್ಪ ಅತ್ತ. ಅಪ್ಪನಿಗಾಗಿ ಅತ್ತದ್ದು ಸುಳ್ಳಲ್ಲ. ಆದರೆ ಅಳುತ್ತಿರುವಾಗಲೇ ತಿಥಿಯ ಯೋಚನೆ ಅವನ ತಲೆಗೆ ಬಂದುಬಿಟ್ಟಿತ್ತು. ತಿಥಿಯ ಬೆಳಿಗ್ಗೆ ಗಂಡುಮಕ್ಕಳು ನೆಂಟರ ಎದುರಿಗೆ ತೋಟದ ಬಾವಿಯ ಹತ್ತಿರ ಕೂತು ತಲೆ ಬೋಳಿಸಿಕೊಳ್ಳಬೇಕು. ಮೊದಲು ಹಿರಿಯವನು, ಆಮೇಲೆ ಕಿರಿಯವನು. ಅದು ಅವರ ಮನೆತನದಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿದ್ದ ವಿಚಾರ.

ತಿಥಿಯ ದಿನ ಬೆಳಕು ಹರಿಯುವಾಗ, ಮನೆಯವರು ಇನ್ನೂ ಒಲೆ ಹಚ್ಚುತ್ತಿದ್ದಾಗ, ಆವಲಪ್ಪ ಒಬ್ಬನೇ ಬಾವಿಯ ಹತ್ತಿರ ಹೋದ. ಊರಿಗೆಲ್ಲ ಕ್ಷೌರ ಮಾಡುತ್ತಿದ್ದ ಕೊಂಡಪ್ಪ ಆಗಲೇ ಬಂದು ಕತ್ತಿ ಮಸೆಯುತ್ತಿದ್ದ. ಆವಲಪ್ಪ ಸುತ್ತಮುತ್ತ ನೋಡಿ ಟೋಪನ್ ತೆಗೆದು ಟವೆಲಿನಲ್ಲಿ ಸುತ್ತಿದ.

"ಮೊದಲು ನಂಗೆ ಮಾಡಿಬಿಡು ಕೊಂಡಪ್ಪ. ಯಾರಿಗೂ ಹೇಳ್ಬ್ಯಾಡ."

ಕೊಂಡಪ್ಪ ಆ ತಲೆಯನ್ನೂ ಟವೆಲನ್ನೂ ಒಂದೊಂದು ಸಲ ನೋಡಿದ. "ಅಣ್ಣಾರು ಬರ್ಲಿಲ್ವಲ್ಲ," ಅಂದ.

"ಬರ್ತಾನೆ. ನೀ ಮಾಡು."

ಕಿವಿಯ ಸುತ್ತ, ಹಿಂದೆ ಇದ್ದಷ್ಟನ್ನು ಕೊಂಡಪ್ಪ ಬೋಳಿಸಿದ. ನೆಂಟರೊಂದಿಗೆ ವೆಂಕಟರಮಣಪ್ಪ ಬರುವ ಹೊತ್ತಿಗೆ ಆವಲಪ್ಪ ನುಣ್ಣನೆಯ ತಲೆಯ ಮೇಲೆ ಬಾವಿಯ ನೀರು ಸುರಿದುಕೊಳ್ಳುತ್ತಿದ್ದ. ಅಣ್ಣ ಆ ಒದ್ದೆ ತಲೆಯನ್ನು ನೋಡಿದ. ಅಪ್ಪ ಹೋದ ಮೇಲೆ ಹಿರಿಯವನಾಗಿ ಅವನು ಮಾಡಬೇಕಾಗಿದ್ದ ಮೊದಲ ಕೆಲಸ ಅದು.

"ಏನು ಅವಸರ ಇತ್ತೋ ನಿಂಗೆ?" ಎಂದಷ್ಟೇ ಕೇಳಿ, ಕೊಂಡಪ್ಪನ ಮುಂದೆ ಕೂತ. ಅಪ್ಪಯ್ಯಣ್ಣನ ತಂಗಿ ಬೈರಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ನೆಂಟರಿಷ್ಟರಲ್ಲಿ ಯಾರು ಯಾವಾಗ ಏನು ತಪ್ಪು ಮಾಡಿದರು ಎಂಬುದನ್ನು ಮರೆಯುವ ಹೆಂಗಸಲ್ಲ ಅವಳು.

ಊರಿಗೆ ಹಿಂತಿರುಗಿದ ಆವಲಪ್ಪನ ಬೋಳುತಲೆ ಕಂಡು ದೊಡ್ಡಬಳ್ಳಾಪುರದವರು ಮರುಕಪಟ್ಟರು. ಗಿರಾಕಿಗಳು ತಗ್ಗಿದ ದನಿಯಲ್ಲಿ ಮಾತಾಡಿದರು. ಯಾರೂ ತಲೆಯನ್ನು ದಿಟ್ಟಿಸಲಿಲ್ಲ. ದಿಟ್ಟಿಸಿದರೂ ಕಾರಣ ಎಲ್ಲರಿಗೂ ಗೊತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಅವನು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ನೆತ್ತಿಗೆ ಗಾಳಿ ತಗುಲಿತು. ಕರಿ ಬಟ್ಟೆಯಿಂದ ಈಚೆಗೆ ಬಂದು ನೇರವಾಗಿ ಗಿರಾಕಿಯ ಮುಖ ನೋಡಿದ. ಅವನಿಗೆ ಸುಖವಾಗಿತ್ತು. ಅಪ್ಪ ಸತ್ತಿದ್ದರಿಂದ ಈ ಸುಖ ಬಂತಲ್ಲ ಎಂದು ನಾಚಿಕೆಯೂ ಆಯಿತು. ಆದರೆ ನಾಚಿಕೆಗಿಂತ ಸುಖವೇ ಹೆಚ್ಚಾಗಿತ್ತು.

"ಹಿಂಗೇ ಇದ್ಬಿಡಿ," ಅಂದಳು ಅನುಸೂಯಮ್ಮ. "ಬೋಳಿಸಿದ ಮೇಲೆ ಮತ್ತೆ ಬರಲಿಲ್ಲ ಅಂದ್ರಾಯ್ತು. ಯಾರು ಬಂದು ಕೆದಕ್ತಾರೆ?"

ಇಷ್ಟು ಸಲೀಸಾದ ದಾರಿ ತನಗೆ ಹೊಳೆಯಲಿಲ್ಲವಲ್ಲ ಎಂದು ಆವಲಪ್ಪ ಹೆಂಡತಿಯನ್ನು ಮೆಚ್ಚಿಕೊಂಡ. ಟೋಪನ್ ಟ್ರಂಕಿನ ತಳಕ್ಕೆ ಹೋಯಿತು. ಒಂದು ಸುಳ್ಳಿನಿಂದ ಬಿಡಿಸಿಕೊಳ್ಳಲು ಇನ್ನೊಂದು ಸುಳ್ಳು ಹೇಳುತ್ತಿದ್ದೇವೆ ಎಂದು ಇಬ್ಬರಿಗೂ ಅನ್ನಿಸಲಿಲ್ಲ.

ಆ ವರ್ಷದ ಹಿರಿಯರ ಹಬ್ಬಕ್ಕೆ ಎಲ್ಲರೂ ಹಳ್ಳಿಯಲ್ಲಿ ಸೇರಿದರು. ಅಪ್ಪಯ್ಯಣ್ಣನಿಗೆ ಮೊದಲ ಎಡೆ. ಅಣ್ಣ ತಮ್ಮ ಅಕ್ಕಪಕ್ಕ ಕೂತು ಕೈ ಮುಗಿದರು. ಒಂದೇ ದಿನ, ಒಂದೇ ಕತ್ತಿಯಲ್ಲಿ ಬೋಳಿಸಿದ ಎರಡು ತಲೆ. ವೆಂಕಟರಮಣಪ್ಪನದು ಆಗಲೇ ಬಾಚುವಷ್ಟು ಬೆಳೆದಿತ್ತು. ಆವಲಪ್ಪನ ನೆತ್ತಿ ತೊಳೆದಿಟ್ಟ ಕಂಚಿನ ತಟ್ಟೆಯ ಹಾಗಿತ್ತು. ಕೂತಿದ್ದವರೆಲ್ಲ ಅದನ್ನು ನೋಡಿದರು. ಬೈರಮ್ಮ ನೋಡಿ ಸುಮ್ಮನಾಗಲಿಲ್ಲ.

"ಹಿರೇಮಗನ್ಗಿಂತ ಮುಂಚೆ ಕತ್ತಿಗೆ ತಲೆ ಕೊಟ್ಟ," ಅಂದಳು. "ನಮ್ಮಣ್ಣನ ಮನಸ್ಗೆ ಸರಿಬರ್ಲಿಲ್ಲ. ಅದ್ಕೇ ಇವ್ನ ತಲೆ ಹಂಗೇ ಉಳ್ಕೊಂಡೈತೆ. ತಿಮ್ಮಪ್ಪ ಕೊಟ್ಟಿದ್ದನ್ನ ಇವರಪ್ಪ ಕಿತ್ಕೊಂಡ."

ದ್ಯಾವಮ್ಮ ಎಡೆಯ ಮುಂದೆ ಕೂತವಳು ಎದ್ದು ಒಳಗೆ ಹೋದಳು. ಅವತ್ತು ರಾತ್ರಿಯ ಊಟ ಬಿಟ್ಟವಳು ಮಾರನೆಯ ದಿನವೂ ಬಿಟ್ಟಳು. ಮಗನ ತಲೆಯ ಮೇಲೆ ಕೂದಲು ಕಾಣುವವರೆಗೂ ತನಗೆ ಒಪ್ಪತ್ತೇ ಎಂದು ಹೇಳಿಬಿಟ್ಟಳು. ದಿನಕ್ಕೆ ಒಂದೇ ಹೊತ್ತು, ಅದೂ ಒಂದು ಹಿಡಿ. ಆ ವಯಸ್ಸಿಗೆ ಅದು ಎಷ್ಟು ದಿನ ತಡೆದೀತು? ದೀಪಾವಳಿಯ ಹೊತ್ತಿಗೆ ಅವಳ ಬಳೆಯಿಲ್ಲದ ಕೈಗಳು ಕಡ್ಡಿಯಾಗಿದ್ದವು. ವೆಂಕಟರಮಣಪ್ಪ ದೊಡ್ಡಬಳ್ಳಾಪುರಕ್ಕೆ ಬಂದು ಸ್ಟುಡಿಯೋದ ಬೆಂಚಿನ ಮೇಲೆ ಕೂತ.

"ನಾನೊಂದು ಮಾತಂದೆ ಅವತ್ತು, ಏನು ಅವಸರ ಅಂತ. ಅದೇ ತಟ್ಟಿತೋ ಏನೋ," ಅಂದ. "ನಂಗೆ ನಿನ್ ಮೇಲೆ ಸಿಟ್ಟಿಲ್ಲ ಕಣೋ. ವರ್ಷದ ತಿಥೀಲಿ ಇಬ್ರೂ ಮತ್ತೆ ಕೂರಾಣ. ನಾನು ಮೊದ್ಲು, ಆಮ್ಯಾಕೆ ನೀನು. ಸರಿ ಮಾಡಾಣ."

ಆವಲಪ್ಪ ಅಣ್ಣನ ದಟ್ಟ ಕೂದಲನ್ನು ನೋಡಿದ. ತನ್ನ ಸಲುವಾಗಿ ಇವನು ಇನ್ನೊಂದು ಸಲ ಬೋಳಾಗುತ್ತಾನೆ. ಆಮೇಲೆ ಇವನದು ಮತ್ತೆ ಬೆಳೆಯುತ್ತದೆ, ತನ್ನದು ಆಗಲೂ ಬೆಳೆಯುವುದಿಲ್ಲ. ಅವ್ವ ಆಗ ಆ ಒಂದು ಹೊತ್ತನ್ನೂ ಬಿಡುತ್ತಾಳೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ನಕ್ಕ ಅಣ್ಣನ ಮೇಲೆ ಇಷ್ಟು ವರ್ಷ ಸಾಕಿಕೊಂಡಿದ್ದ ಸಿಟ್ಟು ಅವತ್ತು ಹುಡುಕಿದರೂ ಸಿಕ್ಕಲಿಲ್ಲ. ಹೇಳಿಬಿಡಬೇಕು, ಮೊದಲು ಅವ್ವನಿಗೆ ಹೇಳಬೇಕು ಎಂದು ಅವನು ನಿಶ್ಚಯ ಮಾಡಿದ.

ಹೋದಾಗ ದ್ಯಾವಮ್ಮ ಮನೆಯಲ್ಲಿರಲಿಲ್ಲ. ಹೊಲದ ಬದುವಿನಲ್ಲಿ, ಗಂಡನ ಸಮಾಧಿಯ ಪಕ್ಕ ಕೂತಿದ್ದಳು. ಗಂಡ ಬದುಕಿದ್ದಾಗ ಎದುರಿಗೆ ನಿಂತು ಅಷ್ಟು ಮಾತಾಡಿದವಳೇ ಅಲ್ಲ. ಈಗ ಮಣ್ಣಿಗೆ ಹೇಳುತ್ತಿದ್ದಳು.

"ಗೊತ್ತಿಲ್ದೆ ಮಾಡವ್ನೆ. ಪ್ಯಾಟೇಲಿ ಇರೋ ಮಗ, ಅದ್ಕೆ ಶಾಸ್ತ್ರ ಗೀಸ್ತ್ರ ಏನು ಗೊತ್ತಾಯ್ತದೆ? ನಿಮ್ ಸಿಟ್ಟು ನನ್ ಮ್ಯಾಲೆ ಇರ್ಲಿ."

ಆವಲಪ್ಪ ಅವಳ ಪಕ್ಕ ಕೂತ. "ಅವ್ವ, ಅಪ್ಪಂಗೆ ಸಿಟ್ಟಿಲ್ಲ. ನಂಗೆ ಉದ್ರಿದ ಕೂದ್ಲು ಮತ್ತೆ ಬರ್ಲೇ ಇಲ್ಲ. ನಾನು ಹಾಕ್ಕೊಂಡಿದ್ದು ಕಟ್ಟು ಕೂದ್ಲು. ನಾಟಕದೋರು ಹಾಕ್ಕೊಳ್ತಾರಲ್ಲ, ಅಂಥದ್ದು."

ಎಂಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು ಎರಡು ಉಸಿರಿನಲ್ಲಿ ಮುಗಿದುಹೋಯಿತು. ದ್ಯಾವಮ್ಮ ಅವನ ಮುಖ ನೋಡಿ, ಒಣಗಿದ ಕೈಯಿಂದ ಅವನ ಕೆನ್ನೆ ಸವರಿದಳು.

"ನಾ ಉಣ್ಲಿ ಅಂತ ಏನೇನೋ ಹೇಳ್ತಿದ್ದೀಯ," ಅಂದಳು. "ನನ್ ಕಣ್ಣಲ್ಲಿ ನೋಡಿಲ್ವಾ ನಾನು? ತಿಮ್ಮಪ್ಪ ಕೊಟ್ಟಿದ್ದ ಕೂದ್ಲನ್ನ ಸುಳ್ಳು ಅನ್ಬ್ಯಾಡ. ಇನ್ನಷ್ಟು ಕೆಟ್ಟದಾಯ್ತದೆ."

ಅವನು ಆಣೆ ಇಟ್ಟ. ಅವಳು ಕಿವಿ ಮುಚ್ಚಿಕೊಂಡಳು. ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದ ಅವನು. ನಿಜ ಹೇಳಿದಾಗ ಹೆತ್ತತಾಯಿಯೇ ನಂಬಲಿಲ್ಲ.

ಟೋಪನ್ನನ್ನೇ ತಂದು ಕೈಗೆ ಕೊಡುತ್ತೇನೆ ಎಂದುಕೊಂಡು ದೊಡ್ಡಬಳ್ಳಾಪುರಕ್ಕೆ ಬಂದು ಟ್ರಂಕು ತೆಗೆದ. ಅನುಸೂಯಮ್ಮ ಅದನ್ನು ಕೊಡವಿ ಕೈಯಲ್ಲಿ ಹಿಡಿದುಕೊಂಡು ಯೋಚಿಸಿದಳು.

"ತೋರಿಸಿದ್ರೆ ನಂಬ್ತಾರೆ, ಉಣ್ಣೋಕೂ ಶುರು ಮಾಡ್ತಾರೆ," ಅಂದಳು. "ಆದ್ರೆ ಪ್ರಸಾದ ಹಂಚಿದ್ರಲ್ಲ ಮನೆಮನೆಗೆ, ಅದು? ಮಗ ದೇವರ ಹೆಸರಲ್ಲಿ ಆಟ ಕಟ್ದ ಅಂತ ಆಗಲ್ವಾ? ಗಂಡನ್ನ ಕಳ್ಕೊಂಡವ್ರು. ಇದೂ ಬೇಕಾ ಅವ್ರಿಗೆ?"

"ಮತ್ತೇನು ಮಾಡ್ಲಿ?"

"ಹಾಕ್ಕೊಂಡು ಹೋದ್ರೂ ಉಣ್ತಾರೆ."

ಆವಲಪ್ಪ ಒಪ್ಪಿಕೊಂಡ. ಅದರಲ್ಲಿ ಎಷ್ಟು ತಾಯಿಯ ಮೇಲಿನ ಕರುಣೆ, ಎಷ್ಟು ಹಳೆಯ ಪುಕ್ಕಲುತನ ಎಂದು ಅಳೆದು ನೋಡಲು ಹೋಗಲಿಲ್ಲ. ಎರಡೂ ಇದ್ದವು. ಬೋಳುತಲೆಗೆ ರಾತ್ರೋರಾತ್ರಿ ಕ್ರಾಪು ಬರುವುದಿಲ್ಲವಲ್ಲ, ಅನುಸೂಯಮ್ಮ ಕತ್ತರಿ ತೆಗೆದುಕೊಂಡು ಅದನ್ನು ಬೆರಳಗಲಕ್ಕೆ ಕತ್ತರಿಸಿದಳು. ಹೊಸದಾಗಿ ಮೊಳೆತಂತೆ ಕಾಣಬೇಕು ಎಂಬುದು ಅವಳ ಉಪಾಯ. ಉದ್ದ ಕೂದಲು ಅಲ್ಲಿಯವರೆಗೆ ಅಂಟು ಹಾಕಿ ಕೂರಿಸುವ ಬಲೆಯ ಅಂಚನ್ನು ಮುಚ್ಚಿತ್ತು, ಗಿಡ್ಡ ಕೂದಲಿಗೆ ಆ ಕೆಲಸ ಆಗುವುದಿಲ್ಲ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಆವಲಪ್ಪ ಹಳ್ಳಿಯಲ್ಲಿ ಬಸ್ಸಿಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ದ್ಯಾವಮ್ಮ ಅವನನ್ನು ನೋಡಿದಳು. ಮೊರ ಪಕ್ಕಕ್ಕೆ ಸರಿಸಿದಳು. ಎದ್ದು ನಿಲ್ಲಲು ಕಂಬ ಹಿಡಿದುಕೊಳ್ಳಬೇಕಾಯಿತು.

"ಬಂತು," ಅಂದಳು. ಅಷ್ಟೇ. ಆಮೇಲೆ ಒಳಗೆ ತಿರುಗಿ, "ವೆಂಕಟರಮಣ, ಬಾರೋ ಇಲ್ಲಿ. ನಿಮ್ಮಪ್ಪನ ಸಿಟ್ಟು ಹೋಯ್ತು," ಎಂದು ಕೂಗಿದಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಪಕ್ಕದ ಮನೆಯಿಂದ ಬೈರಮ್ಮನೂ ಬಂದಳು.

ದ್ಯಾವಮ್ಮ ಒಳಗೆ ಹೋಗಿ ಹರಳೆಣ್ಣೆಯ ಬಟ್ಟಲು ತಂದಳು. ಹೊಸ ಕೂದಲಿಗೆ ತಾಯಿಯ ಕೈಯಿಂದ ಎಣ್ಣೆ ಬೀಳಬೇಕು. ಆವಲಪ್ಪ ಜಗಲಿಯ ಅಂಚಿನಲ್ಲಿ ಕೂತಿದ್ದ. ಬಸ್ಸಿನ ಸೆಕೆಗೆ ಹಿಂಬದಿಯ ಅಂಟು ಬಿಟ್ಟುಕೊಂಡದ್ದು ಅವನಿಗೇ ತಿಳಿಯುತ್ತಿತ್ತು. ಕುತ್ತಿಗೆಯ ಮೇಲೆ ಬಲೆಯ ಅಂಚು ಎದ್ದು ನಿಂತಿತ್ತು. ಅವನ ಬೆನ್ನ ಹಿಂದೆ ಬಾಗಿಲಲ್ಲಿ ವೆಂಕಟರಮಣಪ್ಪ ಬಂದು ನಿಂತಿದ್ದ. ಅಣ್ಣ ನೋಡುತ್ತಿದ್ದಾನೆ ಎಂದು ಆವಲಪ್ಪನಿಗೆ ತಿರುಗದೆಯೇ ಗೊತ್ತಾಯಿತು. ಎಂಟು ವರ್ಷ ಯಾವುದಕ್ಕೆ ಹೆದರಿದ್ದನೋ ಅದು ಆಯಿತು. ಆ ಹೆಣ್ಣಿನ ಮನೆಯ ನಗು ಈಗ ಕೇಳಿಸುತ್ತದೆ ಎಂದು ಅವನು ಕಾದ.

ವೆಂಕಟರಮಣಪ್ಪ ಹಿಂದಿನಿಂದ ಬಂದು ತಮ್ಮನ ತಲೆಯ ಮೇಲೆ ಅಂಗೈ ಇಟ್ಟ. ಹಿರಿಯವನು ಹರಸುವಾಗ ಇಡುವ ಹಾಗೆಯೇ ಇಟ್ಟ. ಹೆಬ್ಬೆರಳಿನಿಂದ ಎದ್ದಿದ್ದ ಅಂಚನ್ನು ಕುತ್ತಿಗೆಗೆ ಒತ್ತಿ, ಅಂಟು ಹಿಡಿಯುವವರೆಗೂ ಒತ್ತಿ ಹಿಡಿದುಕೊಂಡ.

"ಹೂಂ, ಬಂದೈತೆ ಕಣವ್ವ," ಅಂದ. "ಎಣ್ಣೆ ಗಿಣ್ಣೆ ಬ್ಯಾಡ. ಎಳೇ ಪೈರು, ಈಗ್ಲೇ ಕೈ ಹಾಕ್ಬಾರ್ದು. ನೀ ಊಟಕ್ಕೆ ಕೂತ್ಕೊ."

ಬೈರಮ್ಮ ಬಾಯಿ ತೆರೆದಳು. ವೆಂಕಟರಮಣಪ್ಪ ಅವಳ ಕಡೆ ನೋಡಿದ. ಆ ಮನೆಯ ಯಜಮಾನ ಈಗ ಅವನು. ಅವಳು ಬಾಯಿ ಮುಚ್ಚಿದಳು. ದ್ಯಾವಮ್ಮ ಅವತ್ತು ಅವರೆಕಾಳಿನ ಸಾರಿನಲ್ಲಿ ಒಂದು ಇಡೀ ಮುದ್ದೆ ಉಂಡಳು. ಆವಲಪ್ಪ ಎದುರಿಗೆ ಕೂತು ಅವಳು ಉಣ್ಣುವುದನ್ನೇ ನೋಡಿದ.

ಅಲ್ಲಿಂದಾಚೆಗೆ ಅವನು ಹಳ್ಳಿಗೆ ಹೋಗುವಾಗ ಮಾತ್ರ ಟೋಪನ್ ಹಾಕುತ್ತಿದ್ದ, ದೊಡ್ಡಬಳ್ಳಾಪುರದಲ್ಲಿ ಬೋಳುತಲೆಯಲ್ಲೇ ಇರುತ್ತಿದ್ದ. ಇಂಥದ್ದು ಗುಟ್ಟಾಗಿ ಉಳಿಯುತ್ತದೆಯೇ? ಹಳ್ಳಿಯವರು ಸಂತೆಗೆಂದು ದೊಡ್ಡಬಳ್ಳಾಪುರಕ್ಕೆ ಬರುತ್ತಿದ್ದರು, ಬಿಸಿಲಿಗೆ ಸ್ಟುಡಿಯೋದ ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಸೋಮವಾರ ಬೋಳುತಲೆ ಕಂಡವರು ಶುಕ್ರವಾರ ಹಳ್ಳಿಯಲ್ಲಿ ಕ್ರಾಪು ಕಾಣುತ್ತಿದ್ದರು. ಬೆನ್ನ ಹಿಂದೆ ನಕ್ಕಿರಬೇಕು, ನಗದೆ ಇರುವಷ್ಟು ದೊಡ್ಡ ಮನುಷ್ಯರೇನಲ್ಲ ಅವರು. ಆದರೆ ದ್ಯಾವಮ್ಮನ ಎದುರಿಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ವೆಂಕಟರಮಣಪ್ಪ ಮನೆ ಮನೆಗೆ ಹೋಗಿ ಅವ್ವನ ಮುಂದೆ ಬಾಯಿ ಬಿಡಬೇಡಿ ಎಂದು ಹೇಳಿ ಬಂದಿದ್ದ ಎಂಬುದು ತಮ್ಮನಿಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಕೊಂಡಪ್ಪನಿಂದ. ದ್ಯಾವಮ್ಮನಿಗೆ ಗೊತ್ತಿತ್ತೋ ಇಲ್ಲವೋ, ಹೇಳುವವರಿಲ್ಲ. ಎಣ್ಣೆಯ ಮಾತನ್ನು ಮಾತ್ರ ಅವಳು ಮತ್ತೆ ಎತ್ತಲಿಲ್ಲ.

ಅವಳು ತೀರಿಕೊಂಡದ್ದು ಎಪ್ಪತ್ತೆಂಟರಲ್ಲಿ. ತಿಥಿಯ ಬೆಳಿಗ್ಗೆ ಅಣ್ಣ ತಮ್ಮ ಇಬ್ಬರೂ ಒಟ್ಟಿಗೇ ಬಾವಿಯ ಹತ್ತಿರ ಹೋದರು. ನೆಂಟರೆಲ್ಲ ಇದ್ದರು. ಕೊಂಡಪ್ಪನ ಕೈ ಈಗ ಸ್ವಲ್ಪ ನಡುಗುತ್ತಿತ್ತು. ವೆಂಕಟರಮಣಪ್ಪ ಮೊದಲು ಕೂತ. ಅವನ ಕೂದಲೂ ಬಿಳಿಯಾಗಿತ್ತು, ಆದರೆ ಒತ್ತಾಗಿಯೇ ಇತ್ತು. ಆವಲಪ್ಪ ಪಕ್ಕದಲ್ಲಿ ಕೈ ಕಟ್ಟಿ ನಿಂತು, ಅಣ್ಣನ ತಲೆಯ ಕೊನೆಯ ಎಳೆ ಬೀಳುವವರೆಗೂ ಕಾದ.

ಆಮೇಲೆ ತಾನು ಕೂತ. ಎಲ್ಲರೂ ನೋಡುತ್ತಿದ್ದರು. ಯಾರೂ ಬೇರೆ ಕಡೆ ತಿರುಗಲಿಲ್ಲ. ಆವಲಪ್ಪ ಎರಡೂ ಕೈಯಿಂದ ಟೋಪನ್ ಬಿಡಿಸಿ ತೆಗೆದ. ಬಾವಿಯ ಸುತ್ತ ನೆಲವೆಲ್ಲ ಕೆಸರಾಗಿತ್ತು. ಇಡಲು ಒಂದು ಒಣಗಿದ ಜಾಗ ಕಾಣದೆ ಅದನ್ನು ಹಿಡಿದುಕೊಂಡೇ ಕೂತ.

"ಇಲ್ಲಿ ಕೊಡು," ಅಂದ ವೆಂಕಟರಮಣಪ್ಪ. ತಮ್ಮನ ತಲೆಯ ಕೆಲಸ ಮುಗಿಯುವವರೆಗೂ ಅವನು ಅದನ್ನು ನೀರು ಸಿಡಿಯದ ಹಾಗೆ ಎದೆಗೆ ಒತ್ತಿ ಹಿಡಿದುಕೊಂಡು ನಿಂತಿದ್ದ.